ಕ್ವೇಕರ್ ಗ್ಯಾದರಿಂಗ್‌ಗೆ ಸ್ವಯಂಸೇವಕರಾಗುವುದು: ಯಾವ ಕೆಲಸ, ಎಷ್ಟು ಮೊದಲು, ಎಲ್ಲಿ ಎಡವುತ್ತೇವೆ?

ನೇರಳೆಮರ:

ಎಲ್ಲರಿಗೂ ನಮಸ್ಕಾರ. ಅಮೆರಿಕದ ಫ್ರೆಂಡ್ಸ್ ಜನರಲ್ ಕಾನ್ಫರೆನ್ಸ್ (ಎಫ್‌ಜಿಸಿ) ಬೇಸಿಗೆಯಲ್ಲಿ ನಡೆಸುವ ಒಂದು ವಾರದ ಸಮಾವೇಶವಾದ ಗ್ಯಾದರಿಂಗ್‌ಗೆ ಕೈಜೋಡಿಸುತ್ತೀರಾ ಎಂದು ಇಲ್ಲಿನ ಕ್ವೇಕರ್ ಮೀಟಿಂಗ್‌ನವರು ಕೇಳಿದ್ದಾರೆ. (ಕ್ವೇಕರರು ಎಂದರೆ "ಫ್ರೆಂಡ್ಸ್" ಎಂದೂ ಕರೆಯುವ, ಕ್ರೈಸ್ತ ಮೂಲದ ಪಂಥದವರು. ಅವರ ಊರಿನ ಸಭೆಯೇ "ಮೀಟಿಂಗ್".) ಕನ್ನಡ ಸಂಘದ ಯುಗಾದಿ, ರಾಜ್ಯೋತ್ಸವಗಳ ಓಡಾಟ ಗೊತ್ತು, ಇದರ ರೀತಿ ಬೇರೆ ಅನ್ನಿಸುತ್ತಿದೆ. ಮೂರು ವಿಷಯ ತಿಳಿಯಬೇಕಿತ್ತು. ಹೊಸಬರು ಯಾವ ಕೆಲಸ ಹಿಡಿದರೆ ಒಳ್ಳೆಯದು? ತಯಾರಿ ಎಷ್ಟು ಮೊದಲು ಶುರುವಾಗುತ್ತದೆ? ಮತ ಹಾಕದೆ ತೀರ್ಮಾನ ಮಾಡುತ್ತಾರಂತೆ, ಹಾಗಾದರೆ ಸಮಿತಿಯಲ್ಲಿ ಕೆಲಸ ಸಾಗುವುದು ಹೇಗೆ? ಗೊತ್ತಿರುವವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಮೂರನೇಸಾಲು:

ನೇರಳೆಮರ ಅವರೇ, ಉಳಿದ ಓದುಗರಿಗೂ ಅನುಕೂಲವಾಗಲಿ ಅಂತ ಸ್ವಲ್ಪ ಹಿನ್ನೆಲೆಯಿಂದ ಶುರು ಮಾಡುತ್ತೇನೆ. ಎಫ್‌ಜಿಸಿ ಹುಟ್ಟಿದ್ದು 1900ರಲ್ಲಿ, ಕಚೇರಿ ಫಿಲಡೆಲ್ಫಿಯಾದಲ್ಲಿದೆ. ಪಾದ್ರಿ, ಪ್ರವಚನ, ಮೊದಲೇ ಗೊತ್ತುಮಾಡಿದ ಪ್ರಾರ್ಥನೆ ಯಾವುದೂ ಇಲ್ಲದೆ ಮೌನವಾಗಿ ಕೂತು, ಒಳಗಿನಿಂದ ಪ್ರೇರಣೆಯಾದವರು ಎದ್ದು ನಾಲ್ಕು ಮಾತಾಡುವ ಪದ್ಧತಿಯ ಕ್ವೇಕರರೇ ಇದರಲ್ಲಿ ಹೆಚ್ಚು. ಗ್ಯಾದರಿಂಗ್‌ಗೆ ಅಂತ ಕಾಯಂ ಜಾಗ ಇಲ್ಲ. 2018ರಲ್ಲಿ ಒಹಾಯೋದ ಟೊಲೀಡೊ, 2019ರಲ್ಲಿ ಅಯೋವಾದ ಗ್ರಿನೆಲ್, 2020 ಮತ್ತು 2021ರಲ್ಲಿ ಆನ್‌ಲೈನ್, 2022ರಲ್ಲಿ ವರ್ಜೀನಿಯಾದ ರಾಡ್‌ಫರ್ಡ್, 2023ರಲ್ಲಿ ಒರೆಗಾನ್‌ನ ಮನ್‌ಮತ್, 2024ರಲ್ಲಿ ಪೆನ್ಸಿಲ್ವೇನಿಯಾದ ಹ್ಯಾವರ್‌ಫರ್ಡ್ ಕಾಲೇಜು. ಸ್ವಯಂಸೇವಕರ ಕೆಲಸದಲ್ಲಿ ಬಹುಪಾಲು ಹುಟ್ಟುವುದೇ ಈ ಊರೂರು ಸುತ್ತಾಟದಿಂದ. ಹೋದ ವರ್ಷದ ನಕ್ಷೆ, ಕೋಣೆಗಳ ಪಟ್ಟಿ, ಗಾಲಿಕುರ್ಚಿ ಹೋಗುವ ದಾರಿ ಯಾವುದೂ ಈ ವರ್ಷಕ್ಕೆ ಉಪಯೋಗಕ್ಕೆ ಬರುವುದಿಲ್ಲ.

ದಿನಚರಿ ಸ್ಥೂಲವಾಗಿ ಹೀಗೆ: ಸೋಮವಾರದಿಂದ ಶುಕ್ರವಾರದವರೆಗೆ ಬೆಳಗ್ಗೆ ಸುಮಾರು ಎರಡೂವರೆ ಗಂಟೆ ಕಾರ್ಯಾಗಾರ. ಐದೂ ದಿನ ಅದೇ ಗುಂಪು, ಅದೇ ಕೋಣೆ. ಮಧ್ಯಾಹ್ನ ಆಸಕ್ತಿ ಗುಂಪುಗಳು, ಸುತ್ತಾಟ, ವಿಶ್ರಾಂತಿ. ಸಂಜೆ ಎಲ್ಲರೂ ಒಟ್ಟಿಗೆ ಸೇರುವ ಸಭೆ. ಮಕ್ಕಳಿಗೆ ಜೂನಿಯರ್ ಗ್ಯಾದರಿಂಗ್, ಹೈಸ್ಕೂಲಿನವರಿಗೆ ಬೇರೆ ಕಾರ್ಯಕ್ರಮ, ಜೊತೆಗೊಂದು ಪುಸ್ತಕದಂಗಡಿ. ಸಂಬಳದ ಸಿಬ್ಬಂದಿ ಬೆರಳೆಣಿಕೆಯಷ್ಟು. ಕಾರ್ಯಾಗಾರಗಳ ಆಯ್ಕೆ, ಸಂಜೆಯ ಸಭೆ, ಮಕ್ಕಳು, ಅಂಗವಿಕಲರ ಅನುಕೂಲ, ದಿನದ ಸುದ್ದಿಹಾಳೆ ಎಲ್ಲದಕ್ಕೂ ಸ್ವಯಂಸೇವಕರ ಉಪಸಮಿತಿಗಳಿರುತ್ತವೆ.

ತಯಾರಿ ಒಂದು ವರ್ಷಕ್ಕೂ ಮೊದಲೇ ಶುರುವಾಗುತ್ತದೆ. ಜುಲೈಯಿಂದ ಹಿಂದಕ್ಕೆ ಎಣಿಸಿ ನೋಡಿ. ಕ್ಯಾಂಪಸ್ಸಿನಲ್ಲಿ ನಡೆದಾಡಿ ನೋಡುವ ಕೆಲಸ ಹಿಂದಿನ ಬೇಸಿಗೆಯಲ್ಲೇ ಆಗಬೇಕು, ಏಕೆಂದರೆ ಬಿಸಿಲಿನಲ್ಲಿ ಎಷ್ಟು ದೂರ ನಡೆಯಬೇಕಾಗುತ್ತದೆ ಎನ್ನುವುದು ಜನವರಿಯ ಹಿಮದಲ್ಲಿ ತಿಳಿಯುವುದಿಲ್ಲ. ಚಳಿಗಾಲ ಬರುವ ಹೊತ್ತಿಗೆ ಕಾರ್ಯಾಗಾರಗಳ ಅರ್ಜಿ ಓದಿ ಮುಗಿದಿರಬೇಕು. ವಸಂತದಲ್ಲಿ ನೋಂದಣಿ. ಮೇ ತಿಂಗಳಲ್ಲಿ ಕೋಣೆ ಹಂಚಿಕೆ. ಜೂನ್ ಮಧ್ಯದಲ್ಲಿ ಊಟದ ಲೆಕ್ಕ ಕಾಲೇಜಿಗೆ ಕೊಡುವುದು.

ಹೊಸಬರಿಗೆ ನನ್ನ ಸಲಹೆ: ಮೊದಲ ವರ್ಷ ಸಮಿತಿ ಬೇಡ. ಗ್ಯಾದರಿಂಗ್ ವಾರದಲ್ಲಿ ದಿನಕ್ಕೆ ಎರಡು ಮೂರು ಗಂಟೆಯ ಪಾಳಿ ಸಾಕು. ಒಮ್ಮೆ ಇಡೀ ವಾರ ಕಣ್ಣಾರೆ ನೋಡಿದ ಮೇಲೆ ಸಮಿತಿಯ ಮಾತು ತಾನಾಗಿ ಅರ್ಥವಾಗುತ್ತದೆ.

ಶರಾವತಿ_ಸೆರಗು:

ಮೂರನೇಸಾಲು ಅವರ ಕೊನೆಯ ಸಲಹೆಯನ್ನು ಒಪ್ಪುವುದು ಕಷ್ಟ. ಹೊಸಬರು ಸಮಿತಿಯಲ್ಲಿ ಇದ್ದರೇನೇ "ಇದನ್ನು ಯಾಕೆ ಹೀಗೆ ಮಾಡುತ್ತೀರಿ?" ಎನ್ನುವ ಪ್ರಶ್ನೆ ಬರುತ್ತದೆ. ಕಷ್ಟ ಏನಿದ್ದರೂ ಪದಗಳದ್ದು, ಅದನ್ನು ಮೊದಲೇ ಬಿಡಿಸಿಕೊಂಡರೆ ಆಯಿತು.

"ಕ್ಲರ್ಕ್" ಎಂದರೆ ನಮ್ಮ ಕಚೇರಿಯ ಗುಮಾಸ್ತರಲ್ಲ. ಸಭೆ ನಡೆಸುವವರೇ ಕ್ಲರ್ಕ್. ಆದರೆ ಅಧ್ಯಕ್ಷರ ಹಾಗೆ ಅವರಿಗೆ ನಿರ್ಣಾಯಕ ಮತ ಇಲ್ಲ, ತಮ್ಮ ಅಭಿಪ್ರಾಯವನ್ನು ಅವರು ಒತ್ತಿ ಹೇಳುವುದೂ ಇಲ್ಲ. ಸಭೆಯ ಮನಸ್ಸು ಯಾವ ಕಡೆ ಕೂಡಿಬರುತ್ತಿದೆ ಎಂದು ಗಮನಿಸಿ ಅದನ್ನು ಬಾಯಿಬಿಟ್ಟು ಹೇಳುವುದು ಅವರ ಕೆಲಸ. ಪಕ್ಕದಲ್ಲಿ ನಡಾವಳಿ ಬರೆಯುವ ರೆಕಾರ್ಡಿಂಗ್ ಕ್ಲರ್ಕ್ ಇರುತ್ತಾರೆ. ತೀರ್ಮಾನ ರೂಪುಗೊಂಡ ಕೂಡಲೇ ಅಲ್ಲೇ ಕೂತು ಎರಡು ಮೂರು ವಾಕ್ಯ ಬರೆದು ಓದುತ್ತಾರೆ. ಸಭೆ ಕೇಳಿಸಿಕೊಂಡು ತಿದ್ದುತ್ತದೆ, ಮತ್ತೆ ಓದುತ್ತಾರೆ, "ಒಪ್ಪಿಗೆ" ಅಂದ ಮೇಲೆ ಮುಂದಿನ ವಿಷಯ. ಎರಡು ವಾರ ಬಿಟ್ಟು ನಡಾವಳಿ ಇಮೇಲ್ ಮಾಡುವ ಪದ್ಧತಿ ಇಲ್ಲ. ಹಾಗಾಗಿ "ನಾನು ಹೇಳಿದ್ದು ಅದಲ್ಲ" ಎನ್ನುವ ಜಗಳವೂ ಬಹುತೇಕ ಇಲ್ಲ.

ಒಬ್ಬರಿಗೆ ಒಪ್ಪಿಗೆ ಇಲ್ಲದಿದ್ದರೆ ಎರಡು ದಾರಿ ಇವೆ. "ನನಗೆ ಇದು ಸರಿ ಕಾಣುತ್ತಿಲ್ಲ, ಆದರೆ ಸಭೆಯನ್ನು ತಡೆಯುವುದಿಲ್ಲ" ಎಂದು ಬದಿಗೆ ನಿಲ್ಲಬಹುದು. ಇಲ್ಲವೇ "ಇದನ್ನು ಮುಂದಕ್ಕೆ ಒಯ್ಯಬಾರದು" ಎಂದು ಅಡ್ಡ ನಿಲ್ಲಬಹುದು. ಎರಡನೆಯದು ಅಪರೂಪ. ಆಗ ಕ್ಲರ್ಕ್ ಮೌನ ಕೇಳುತ್ತಾರೆ, ಇಲ್ಲವೇ ವಿಷಯವನ್ನು ಮುಂದಿನ ಸಭೆಗೆ ಇಡುತ್ತಾರೆ.

ಸಂಘಸಂಸ್ಥೆಗಳಲ್ಲಿ ಪಳಗಿದವರು ಎಡವುವುದು ಇಲ್ಲಿಯೇ. "ಹತ್ತರಲ್ಲಿ ಎಂಟು ಜನ ಒಪ್ಪಿದ್ದೇವಲ್ಲ, ಮುಂದೆ ಹೋಗೋಣ" ಅನ್ನುವ ಮಾತು ಆ ಸಭೆಯಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಉಳಿದ ಇಬ್ಬರಿಗೆ ಏನು ಕಾಣುತ್ತಿದೆ ಎಂದು ಕೇಳುತ್ತಾರೆ. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಶುರು ಮಾಡುವುದೂ ಸಲ್ಲದು. ನಡುವೆ ಒಂದೆರಡು ಉಸಿರಿನಷ್ಟು ಬಿಡುವು ಇರಬೇಕು.

ಇದರಿಂದ ಬರುವ ಪ್ರಾಯೋಗಿಕ ಲೆಕ್ಕ: ಒಂದೂವರೆ ಗಂಟೆಯ ಸಭೆಗೆ ನಿಜವಾಗಿ ಯೋಚಿಸಬೇಕಾದ ವಿಷಯ ಎರಡೇ ಇಡಿ. ಬಸ್ಸಿನ ಬಾಡಿಗೆ, ಬ್ಯಾನರಿನ ಅಳತೆಯಂಥವನ್ನು ಉಪಸಮಿತಿಗೆ ಬಿಟ್ಟುಬಿಡಿ. ಹಣ ಕಟ್ಟುವ ಕೊನೆಯ ದಿನಾಂಕ ಇರುವ ಯಾವುದೇ ತೀರ್ಮಾನವನ್ನು ಆ ದಿನಾಂಕಕ್ಕೆ ಕನಿಷ್ಠ ಎರಡು ಸಭೆ ಮೊದಲು ಮುಂದಿಡಿ. ಒಂದನೇ ಸಭೆಯಲ್ಲಿ ತೀರ್ಮಾನ ಆಗದಿದ್ದರೆ ಇನ್ನೊಂದು ಉಳಿದಿರುತ್ತದೆ. "ನಾಳೆಯೊಳಗೆ ಕಾಲೇಜಿಗೆ ಹೇಳಬೇಕು" ಅಂತ ತಂದರೆ ಸಭೆಯ ಕತ್ತು ಹಿಸುಕಿದಂತೆ. ಆಮೇಲೆ ಆ ತೀರ್ಮಾನವನ್ನು ಯಾರೂ ತಮ್ಮದು ಎಂದುಕೊಳ್ಳುವುದಿಲ್ಲ.

ಇನ್ನೊಂದು ಮಾತು. ಸಮಿತಿಗೆ ಸಾಮಾನ್ಯವಾಗಿ ಚುನಾವಣೆ, ಪೈಪೋಟಿ ಇರುವುದಿಲ್ಲ. ನಾಮನಿರ್ದೇಶನ ಸಮಿತಿಯವರು ಯಾರಿಗೆ ಯಾವ ಕೆಲಸ ಒಗ್ಗುತ್ತದೆ ಎಂದು ಯೋಚಿಸಿ ತಾವೇ ಬಂದು ಕೇಳುತ್ತಾರೆ. "ನನಗೆ ಆಸಕ್ತಿ ಇದೆ, ತಿಂಗಳಿಗೆ ಇಷ್ಟು ಗಂಟೆ ಕೊಡಬಲ್ಲೆ" ಎಂದು ಮೊದಲೇ ತಿಳಿಸಿಟ್ಟರೆ ಅವರಿಗೆ ಅನುಕೂಲ. ಕೇಳಿದಾಗ "ಆಗುವುದಿಲ್ಲ" ಅಂದರೂ ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ. ಒಲ್ಲದ ಮನಸ್ಸಿನಿಂದ "ಹೂಂ" ಅಂದರೆ ಅದು ಎಲ್ಲರಿಗೂ ಕಷ್ಟ.

ನೇರಳೆಮರ:

ತುಂಬಾ ಉಪಯೋಗವಾಯಿತು. ಪಾಳಿ ಅಂದರೆ ಯಾವ ಯಾವ ಕೆಲಸದ ಪಾಳಿ? ಕುರ್ಚಿ ಹಾಕುವುದು, ಮೈಕ್ ಹಿಡಿಯುವುದು ಅಂತ ಪಟ್ಟಿಯಲ್ಲಿದೆ. ಅವು ಸುಲಭ ಅಂದುಕೊಂಡಿದ್ದೇನೆ.

ತಂತಿಮೀಟು:

ಮೈಕ್ ಕೆಲಸ ಸುಲಭ ಅಂದುಕೊಂಡೇ ಬಹಳ ಜನ ಕೆಡಿಸುತ್ತಾರೆ. ಸಾಮಾನ್ಯ ಸಮಾರಂಭದಲ್ಲಿ ಮೈಕು ಮಾತಿಗಾಗಿ ಇರುತ್ತದೆ. ಇಲ್ಲಿ ಒಂದು ಗಂಟೆಯಲ್ಲಿ ಐವತ್ತು ನಿಮಿಷ ಮೌನ, ನಡುವೆ ಎಲ್ಲೋ ಯಾರೋ ಎದ್ದು ಎರಡು ನಿಮಿಷ ಮೆತ್ತಗೆ ಮಾತಾಡುತ್ತಾರೆ. ಯಾರು, ಯಾವಾಗ ಎನ್ನುವುದು ಯಾರಿಗೂ ಗೊತ್ತಿಲ್ಲ.

ನಾನೂರು ಜನರ ಸಭಾಂಗಣಕ್ಕೆ ನಾಲ್ಕು ಕೈಮೈಕು, ನಾಲ್ವರು ಮೈಕ್ ಒಯ್ಯುವವರು, ಒಬ್ಬೊಬ್ಬರಿಗೆ ಸಭಾಂಗಣದ ಕಾಲು ಭಾಗ. ಅವರು ಸಾಲಿನ ತುದಿಯ ಕುರ್ಚಿಯಲ್ಲೇ ಕೂರಬೇಕು. ಗೋಡೆಗೆ ಒರಗಿ ನಿಂತರೆ ಕಾವಲುಗಾರರ ಹಾಗೆ ಕಾಣುತ್ತದೆ. ಮೈಕಿನ ಸ್ವಿಚ್ಚನ್ನು ಸಭೆಗೆ ಮೊದಲೇ ಆನ್ ಮಾಡಿ, ಅದರ ಮೇಲೆ ಒಂದು ಸುತ್ತು ಟೇಪ್ ಅಂಟಿಸಿಬಿಡಿ. ಮಿಕ್ಸರ್ (ಎಲ್ಲ ಮೈಕುಗಳ ಸದ್ದು ಹೊಂದಿಸುವ ಯಂತ್ರ) ಮುಂದೆ ಕೂತವರೇ ಅದರ ಫೇಡರ್, ಅಂದರೆ ಸದ್ದು ಹೆಚ್ಚುಕಡಿಮೆ ಮಾಡುವ ಜಾರುಗುಂಡಿಯನ್ನು, ಮೆಲ್ಲಗೆ ಏರಿಸಿ ಇಳಿಸಬೇಕು. ಸ್ವಿಚ್ ಒತ್ತಿದ "ಟಕ್" ಸದ್ದು ಆ ಮೌನದಲ್ಲಿ ಬಾಗಿಲು ಬಡಿದ ಹಾಗೆ ಕೇಳುತ್ತದೆ.

ಒಬ್ಬರು ಎದ್ದರೆ ಓಡಬೇಡಿ, ಮಾಮೂಲಿ ಹೆಜ್ಜೆಯಲ್ಲಿ ನಡೆಯಿರಿ. ಎದ್ದವರು ಮಾತಿಗೆ ಮೊದಲು ಕಣ್ಣು ಮುಚ್ಚಿ ನಿಲ್ಲುವುದುಂಟು. ಆಗ ಮೈಕನ್ನು ಮುಖಕ್ಕೆ ಹಿಡಿಯದೆ ಪಕ್ಕದಲ್ಲಿ ಸುಮ್ಮನೆ ನಿಲ್ಲಿ. ಗದ್ದದಿಂದ ನಾಲ್ಕು ಬೆರಳು ದೂರದಲ್ಲಿ ಇರಲಿ. ವಯಸ್ಸಾದವರ ಕೈ ನಡುಗುತ್ತಿದ್ದರೆ "ನಾನೇ ಹಿಡಿದಿರಲೇ?" ಎಂದು ಕಣ್ಣಲ್ಲೇ ಕೇಳಿ. ಮಾತು ಮುಗಿದು ಅವರು ಕೂತ ಕೂಡಲೇ ಹಿಂದಿರುಗಬೇಡಿ. ಅರ್ಧ ನಿಮಿಷ ಅಲ್ಲೇ ನಿಂತು ಆಮೇಲೆ ನಡೆಯಿರಿ. ಆ ಅರ್ಧ ನಿಮಿಷದಲ್ಲೇ ಮಾತು ಎಲ್ಲರೊಳಗೆ ಇಳಿಯುವುದು. ಎದ್ದು ನಿಲ್ಲಲಾಗದವರು ಕೈ ಎತ್ತುತ್ತಾರೆ, ಅವರ ಕಡೆಗೂ ಕಣ್ಣಿರಲಿ.

ಆನ್‌ಲೈನ್‌ನಲ್ಲಿ ಸೇರಿದವರ ವಿಚಾರ ಇನ್ನೂ ಸೂಕ್ಷ್ಮ. ಜೂಮ್ ತನ್ನಷ್ಟಕ್ಕೆ ಮೈಕಿನ ಮಟ್ಟ ಏರಿಸಿ ಇಳಿಸುತ್ತದೆ. ಸದ್ದೇ ಇಲ್ಲದ ಹತ್ತು ನಿಮಿಷದಲ್ಲಿ ಅದು ಮಟ್ಟವನ್ನು ಏರಿಸುತ್ತಲೇ ಹೋಗಿ ಎ.ಸಿ.ಯ "ಗುಂಯ್" ಶಬ್ದವನ್ನು ದೊಡ್ಡದು ಮಾಡಿಬಿಡುತ್ತದೆ. ಆಮೇಲೆ ಯಾರಾದರೂ ಬಾಯಿ ತೆರೆದರೆ ಮೊದಲ ಪದ ಕಿವಿ ಒಡೆಯುವ ಹಾಗೆ ಬರುತ್ತದೆ. "ಮೈಕಿನ ಮಟ್ಟ ತಾನಾಗಿ ಹೊಂದಿಸು" ಎನ್ನುವ ಟಿಕ್ ತೆಗೆಯಿರಿ, ಸಂಗೀತಗಾರರಿಗೆ ಅಂತ ಇರುವ "ಒರಿಜಿನಲ್ ಸೌಂಡ್" ಆನ್ ಮಾಡಿ. ಮಿಕ್ಸರಿನಲ್ಲಿ ಸಣ್ಣ ಸದ್ದನ್ನು ತಡೆಯುವ ನಾಯ್ಸ್ ಗೇಟ್ ಇದ್ದರೆ ಅದನ್ನು ಆಫ್ ಮಾಡಿ. ಅದು ಮೆಲುದನಿಯ ಮೊದಲ ಎರಡು ಮೂರು ಪದಗಳನ್ನು ನುಂಗುತ್ತದೆ, ಮತ್ತು ಇಲ್ಲಿ ಎಲ್ಲರೂ ಮೆಲುದನಿಯಲ್ಲೇ ಶುರು ಮಾಡುವುದು.

ಸಾಧ್ಯವಾದರೆ ಶೀರ್ಷಿಕೆ (ಆಡಿದ ಮಾತನ್ನು ಪರದೆಯ ಮೇಲೆ ಅಕ್ಷರದಲ್ಲಿ ತೋರಿಸುವ ಕ್ಯಾಪ್ಶನ್) ಬರೆಯಲು ಮನುಷ್ಯರನ್ನೇ ಗೊತ್ತುಮಾಡಿ. ಯಂತ್ರದ ಶೀರ್ಷಿಕೆ ಕೆಮ್ಮು, ಕುರ್ಚಿ ಸರಿದ ಸದ್ದನ್ನೂ ಪದ ಮಾಡಿ ತೋರಿಸುತ್ತದೆ. ಶ್ರವಣದೋಷ ಇರುವವರು ಅದನ್ನೇ ಯಾರೋ ಆಡಿದ ಮಾತು ಅಂದುಕೊಳ್ಳುತ್ತಾರೆ.

ಬ್ಯಾಟರಿ: ಪ್ರತಿ ಸಭೆಗೂ ಹೊಸ ಡಬಲ್‌ಎ ಸೆಲ್. ಅರ್ಧ ಬಳಸಿದ್ದನ್ನು ಟಾರ್ಚಿಗೆ ಹಾಕಿಕೊಳ್ಳಿ, ಉಳಿತಾಯ ಅಲ್ಲಿ ಮಾಡಿ.

ಹಿತ್ತಲಬಾಗಿಲು:

ತಂತಿಮೀಟು ಅವರು ಸದ್ದಿನ ಬಗ್ಗೆ ಬರೆದಿದ್ದಾರೆ, ನಾನು ಕೋಣೆ ಮತ್ತು ಬಾಗಿಲಿನ ಬಗ್ಗೆ ಬರೆಯುತ್ತೇನೆ.

ಕಾರ್ಯಾಗಾರದ ಕೋಣೆಗೆ ಕಾಲೇಜಿನ ಪಟ್ಟಿಯಲ್ಲಿ "ಸಾಮರ್ಥ್ಯ 40" ಅಂತ ಇದ್ದರೆ ನಂಬಬೇಡಿ. ಅದು ಬೆಂಚು ಮೇಜುಗಳನ್ನು ಸಾಲಾಗಿ ಹಾಕಿದಾಗಿನ ಲೆಕ್ಕ. ನಮಗೆ ಬೇಕಾದದ್ದು ವೃತ್ತ. 30 ಕುರ್ಚಿ, ಒಂದಕ್ಕೆ 65 ಸೆಂ.ಮೀ. ಅಂದರೆ ಸುತ್ತಳತೆ 19.5 ಮೀಟರ್, ಅಡ್ಡಳತೆ 6.2 ಮೀಟರ್. ಕುರ್ಚಿಯ ಹಿಂದೆ ಓಡಾಡಲು ಎರಡೂ ಕಡೆ ಒಂದೊಂದು ಮೀಟರ್ ಸೇರಿಸಿದರೆ ಎಂಟು ಮೀಟರಿಗಿಂತ ಚಿಕ್ಕ ಕೋಣೆಯಲ್ಲಿ 30 ಜನರ ವೃತ್ತ ಕೂರುವುದಿಲ್ಲ. ಗಾಲಿಕುರ್ಚಿಯವರಿಗೆ ವೃತ್ತದಲ್ಲೇ ಜಾಗ ಬೇಕು, ಹಾಗಾಗಿ ಎರಡು ಕುರ್ಚಿಯಷ್ಟು ಜಾಗ ಖಾಲಿ ಬಿಡಿ, ಬಾಗಿಲಿಗೆ ಹತ್ತಿರದಲ್ಲಿ. ನೆಲಕ್ಕೆ ಬೋಲ್ಟ್ ಹಾಕಿದ ಕುರ್ಚಿಗಳ ಮೆಟ್ಟಿಲು ಕೋಣೆ ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡಿ. ಒಬ್ಬರ ಬೆನ್ನು ನೋಡಿಕೊಂಡು ಇನ್ನೊಬ್ಬರು ಮನಸ್ಸು ಬಿಚ್ಚಿ ಮಾತಾಡುವುದಿಲ್ಲ.

ಯಾರಿಗೂ ಮೊದಲು ಹೊಳೆಯದ ಒಂದು ಸಮಸ್ಯೆ ಇದೆ. ಈಗಿನ ಕಾಲೇಜು ಕೋಣೆಗಳಲ್ಲಿ ಜನರ ಚಲನೆ ಗುರುತಿಸಿ ದೀಪ ಉರಿಸುವ ಸೆನ್ಸರ್ ಇರುತ್ತದೆ. 15ರಿಂದ 30 ನಿಮಿಷ ಯಾರೂ ಅಲುಗದಿದ್ದರೆ ಕೋಣೆ ಖಾಲಿ ಎಂದುಕೊಂಡು ದೀಪ ಆರಿಸುತ್ತದೆ. ಇಪ್ಪತ್ತೈದು ಜನ ನಿಶ್ಚಲರಾಗಿ ಕೂತ ಕೋಣೆ ಅದರ ಪಾಲಿಗೆ ಖಾಲಿಯೇ. ಕತ್ತಲಾದ ಕೂಡಲೇ ಎಲ್ಲರೂ ಕೈ ಬೀಸುತ್ತಾರೆ, ಅಲ್ಲಿಗೆ ಮೌನ ಮುಗಿಯಿತು. ಕ್ಯಾಂಪಸ್ಸಿನ ನಿರ್ವಹಣಾ ವಿಭಾಗಕ್ಕೆ ಎರಡು ವಾರ ಮೊದಲೇ ಕೋಣೆ ಸಂಖ್ಯೆಗಳ ಪಟ್ಟಿ ಕೊಟ್ಟು ಸೆನ್ಸರ್ ಬದಿಗಿಡಲು ಕೇಳಿ. ಆಗದಿದ್ದರೆ ಸೆನ್ಸರ್ ಕಣ್ಣಿಗೆ ಬೀಳುವ ಕುರ್ಚಿಯಲ್ಲಿ ಒಬ್ಬ ಸ್ವಯಂಸೇವಕರು ಕೂತು, ಹತ್ತು ನಿಮಿಷಕ್ಕೊಮ್ಮೆ ತೋಳನ್ನು ನಿಧಾನವಾಗಿ ಮೇಲೆತ್ತಿ ಇಳಿಸಿದರೆ ಸಾಕು.

ಬಾಗಿಲು: ಅಮೆರಿಕದ ಕಟ್ಟಡಗಳಲ್ಲಿ ತಳ್ಳಿದರೆ ತೆರೆಯುವ ಅಡ್ಡಪಟ್ಟಿ ಇರುತ್ತದೆ, ಅದು "ಖಟಾರ್" ಅನ್ನುತ್ತದೆ. ಬಹಳಷ್ಟು ಪಟ್ಟಿಗಳಲ್ಲಿ ಚಿಕ್ಕ ಷಡ್ಭುಜ ರಂಧ್ರ ಇದೆ. ಅಲೆನ್ ಕೀ ಹಾಕಿ ತಿರುಗಿಸಿದರೆ ಪಟ್ಟಿ ಒಳಗೇ ನಿಂತು ಬಾಗಿಲು ಸದ್ದಿಲ್ಲದೆ ತೆರೆಯುತ್ತದೆ. ಆದರೆ ಬೆಂಕಿ ತಡೆಯುವ ಬಾಗಿಲುಗಳಿಗೆ ಹಾಗೆ ಮಾಡಕೂಡದು. ಯಾವುದು ಯಾವುದು ಎಂದು ಕಾಲೇಜಿನವರೇ ಬಂದು ತೋರಿಸಲಿ. ನೀವಾಗಿ ಮುಟ್ಟಬೇಡಿ.

ತಡವಾಗಿ ಬಂದವರನ್ನು ಹೊರಗೆ ನಿಲ್ಲಿಸಿ ಬೈಯುವ ಕೆಲಸ ಬಾಗಿಲು ಕಾಯುವವರದ್ದಲ್ಲ. ಸಭೆ ಶುರುವಾಗಿ ಹತ್ತು ಹದಿನೈದು ನಿಮಿಷಕ್ಕೆ ಎಲ್ಲರನ್ನೂ ಒಟ್ಟಿಗೆ ಒಳಗೆ ಬಿಡಿ. ಬ್ರಿಟನ್ನಿನ ಕ್ವೇಕರರ ವಾರ್ಷಿಕ ಸಭೆಯಲ್ಲಿಯೂ (ಲಂಡನ್ನಿನ ಯೂಸ್ಟನ್ ನಿಲ್ದಾಣದ ಎದುರಿನ ಫ್ರೆಂಡ್ಸ್ ಹೌಸಿನಲ್ಲಿ ನಡೆಯುವುದು) ಬಾಗಿಲು ಕಾಯುವವರಿದ್ದಾರೆ. ಯಾರೋ ಎದ್ದು ಮಾತಾಡುತ್ತಿರುವಾಗ ಯಾರೂ ಒಳಗೆ ಬರಬಾರದು, ಅಷ್ಟೇ ಮುಖ್ಯ. ಮಕ್ಕಳು ಕೊನೆಯ ಹದಿನೈದು ನಿಮಿಷ ಬಂದು ಸೇರುವುದಾದರೆ ಅವರಿಗೆ ಮುಂದಿನ ಎರಡು ಸಾಲು ಖಾಲಿ ಇಟ್ಟಿರಿ.

ಕಡಲೆಪುರಿ:

ಮಕ್ಕಳ ಮಾತು ಬಂತಲ್ಲ, ಅಲ್ಲಿಂದ ಮುಂದುವರಿಸುತ್ತೇನೆ. ಜೂನಿಯರ್ ಗ್ಯಾದರಿಂಗ್‌ಗೆ ಯಾವಾಗಲೂ ಜನ ಸಾಲದು. ಕೇಳಿದರೆ ಒಪ್ಪಿಕೊಳ್ಳಿ, ಆದರೆ ನಿಯಮಗಳನ್ನು ಒಂದು ಅಕ್ಷರವೂ ಸಡಿಲಿಸಬೇಡಿ.

ಒಂದು ಮಗುವಿನ ಜೊತೆ ಒಬ್ಬರೇ ದೊಡ್ಡವರು ಎಂದೂ ಇರಬಾರದು. ಇಬ್ಬರು ಇರಬೇಕು, ಆ ಇಬ್ಬರು ಗಂಡ ಹೆಂಡತಿ ಅಥವಾ ಒಂದೇ ಮನೆಯವರು ಆಗಿರಬಾರದು. ಶೌಚಾಲಯಕ್ಕೆ ಕರೆದೊಯ್ಯುವಾಗಲೂ ಅಷ್ಟೇ. ಹಿನ್ನೆಲೆ ತಪಾಸಣೆಗೆ ಏಪ್ರಿಲ್ ಒಳಗೆ ಅರ್ಜಿ ತುಂಬಿ. ಹಲವು ರಾಜ್ಯಗಳಲ್ಲಿ ವಾಸವಿದ್ದವರದ್ದು, ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲದವರದ್ದು ನಿಧಾನವಾಗುತ್ತದೆ. ಜೂನ್ ಕೊನೆಗೂ ಬಾರದಿದ್ದರೆ ಅವರಿಗೆ ಮಕ್ಕಳಿಲ್ಲದ ಕೆಲಸ ಕೊಡಬೇಕು, ಪರಿಚಯದವರು ಎಂದು ಬಿಡುವಂತಿಲ್ಲ.

ಸಂಖ್ಯೆಯ ಲೆಕ್ಕ: ಮೂರು ನಾಲ್ಕು ಹಸುಗೂಸುಗಳಿಗೆ ಒಬ್ಬರು, ಆರು ಜನ ಶಾಲಾಪೂರ್ವ ಮಕ್ಕಳಿಗೆ ಒಬ್ಬರು, ಹತ್ತು ಜನ ದೊಡ್ಡ ಮಕ್ಕಳಿಗೆ ಒಬ್ಬರು ಎಂದಿಟ್ಟುಕೊಂಡು, ಆಯಾ ರಾಜ್ಯದ ಕಾನೂನಿಗೆ ಹೊಂದಿಸಿ. ಅದರ ಮೇಲೆ ಇನ್ನಿಬ್ಬರು ಹೆಚ್ಚಿಗೆ ಬೇಕೇ ಬೇಕು. ಕೆಡುವುದು ಯಾವಾಗಲೂ ಬುಧವಾರ. ಸೋಮವಾರ ಉತ್ಸಾಹ ಇರುತ್ತದೆ, ಮಂಗಳವಾರ ಹೇಗೋ ನಡೆಯುತ್ತದೆ, ಮೂರನೇ ದಿನ ಇಬ್ಬರು ಸ್ವಯಂಸೇವಕರಿಗೆ ಗಂಟಲು ಕಟ್ಟಿ ಮಲಗಿಬಿಡುತ್ತಾರೆ.

ಮಗುವನ್ನು ಕರೆದೊಯ್ಯುವಾಗ ಬೆಳಗ್ಗೆ ಹಾಳೆಯಲ್ಲಿ ಬರೆದ ಹೆಸರಿನವರಿಗೆ ಮಾತ್ರ ಒಪ್ಪಿಸಿ, ಸಹಿ ತೆಗೆದುಕೊಳ್ಳಿ. ಅಜ್ಜಿಯೇ ಬಂದರೂ ಹೆಸರು ಇಲ್ಲದಿದ್ದರೆ ಪೋಷಕರಿಗೆ ಫೋನ್ ಮಾಡಿ. ಅಲರ್ಜಿಯ ಪಟ್ಟಿ ಗೋಡೆಯ ಮೇಲೆ ಬೇಡ. ಗುಂಪಿನ ಮುಖ್ಯಸ್ಥರ ಕುತ್ತಿಗೆಯ ಕಾರ್ಡಿನ ಹಿಂದೆ ಇರಲಿ, ಔಷಧದ ಚೀಲ ಅವರ ಹೆಗಲಲ್ಲೇ ಇರಲಿ.

ಅಂಬಲಿ:

ಊಟದ ವಿಷಯಕ್ಕೆ ಬರುತ್ತೇನೆ. ಅಡುಗೆ ಕಾಲೇಜಿನ ಕ್ಯಾಂಟೀನಿನದ್ದೇ. ನಮ್ಮ ಕೆಲಸ ಲೆಕ್ಕ, ಚೀಟಿ ಮತ್ತು ಸಾಲು.

ಸಾಲಿನ ಲೆಕ್ಕ ಮೊದಲು. ಕಾರ್ಯಾಗಾರಗಳೆಲ್ಲ ಒಂದೇ ಹೊತ್ತಿಗೆ ಬಿಡುತ್ತವೆ. ಬಡಿಸುವ ಒಂದು ಸಾಲಿನಲ್ಲಿ ನಿಮಿಷಕ್ಕೆ ಆರೇಳು ಜನ ದಾಟುತ್ತಾರೆ ಎಂದಿಟ್ಟುಕೊಳ್ಳಿ. ನಾಲ್ಕು ಸಾಲಿಗೆ 25 ಜನ. ಆರುನೂರು ಜನ ಬಂದರೆ ಕೊನೆಯವರಿಗೆ 24 ನಿಮಿಷ ನಿಲ್ಲಬೇಕು, ಅದರಲ್ಲಿ ಎಂಬತ್ತು ದಾಟಿದವರೂ ಇರುತ್ತಾರೆ. ಹಾಗಾಗಿ ಮಕ್ಕಳಿರುವವರು, ಕೋಲು ಹಿಡಿದವರು 15 ನಿಮಿಷ ಮೊದಲೇ ಬರುವ ಏರ್ಪಾಟು ಮಾಡಿ. ಸಾಲಿನ ಪಕ್ಕ ಹತ್ತು ಕುರ್ಚಿ ಹಾಕಿಸಿ. ಕೂತವರ ಸರದಿಯನ್ನು ಪಕ್ಕದವರು ಕಾಯ್ದಿಡುತ್ತಾರೆ.

ಚೀಟಿ: "ವೆಜಿಟೇರಿಯನ್" ಅಂದರೆ ಅಲ್ಲಿ ಮೊಟ್ಟೆ ಇರಬಹುದು, ಹಾಲು ಇರಬಹುದು, ಚೀಸಿನಲ್ಲಿ ಹಾಲು ಹೆಪ್ಪುಗಟ್ಟಿಸುವ ಪ್ರಾಣಿಮೂಲದ ರೆನೆಟ್ ಇರಬಹುದು. ನಮ್ಮವರು ಇದನ್ನು ಬೇಗ ಅರ್ಥ ಮಾಡಿಕೊಳ್ಳುತ್ತಾರೆ, ಆದ್ದರಿಂದ ಈ ಕೆಲಸಕ್ಕೆ ಕನ್ನಡಿಗರು ಒಳ್ಳೆಯ ಆಯ್ಕೆ ಎಂಬುದು ನನ್ನ ನಂಬಿಕೆ. ಪಾತ್ರೆಯ ಮುಂದಿನ ಚೀಟಿಯಲ್ಲಿ ಬರೀ ಹೆಸರು ಸಾಲದು. ಮೊಟ್ಟೆ, ಹಾಲು, ಗೋಧಿ, ಸೋಯಾ, ಕಡಲೆಕಾಯಿ, ಇತರ ಬೀಜಗಳು, ಎಳ್ಳು ಇವುಗಳಲ್ಲಿ ಏನೇನು ಇದೆ ಎಂದು ಬರೆಯಬೇಕು. ಗೋಧಿ ಒಗ್ಗದವರ ಬ್ರೆಡ್ಡಿಗೆ ಬೇರೆಯೇ ಟೋಸ್ಟರ್ ಬೇಕು. ಒಂದೇ ಟೋಸ್ಟರಿನಲ್ಲಿ ಎರಡೂ ಹಾಕಿದರೆ ಚೀಟಿ ಬರೆದೂ ಪ್ರಯೋಜನವಿಲ್ಲ. ಚಮಚ ಅದಲುಬದಲಾಗುವುದು ಎರಡನೇ ಸಲ ಬಡಿಸುವಾಗ. ಆಗ ಒಬ್ಬರು ಅಲ್ಲೇ ನಿಂತು ನೋಡುತ್ತಿರಬೇಕು.

ಮದ್ಯ ಇಲ್ಲ. ಇನ್ನೊಂದು, ಪರಿಮಳದಿಂದ ಉಸಿರಾಟಕ್ಕೆ ತೊಂದರೆಯಾಗುವವರಿಗಾಗಿ ಸುಗಂಧವಿಲ್ಲದ ಜಾಗಗಳನ್ನು ಮಾಡಿರುತ್ತಾರೆ. ಸ್ವಯಂಸೇವಕರು ಮಲ್ಲಿಗೆ ಮುಡಿದು, ಅತ್ತರು ಅಥವಾ ಘಮದ ತಲೆಎಣ್ಣೆ ಹಚ್ಚಿಕೊಂಡು ಬರಬೇಡಿ. ಬಟ್ಟೆಯನ್ನೂ ಒಂದು ವಾರ ಮೊದಲಿನಿಂದ ವಾಸನೆಯಿಲ್ಲದ ಸೋಪಿನಲ್ಲಿ ಒಗೆಯಿರಿ. ಟ್ರಂಕಿನಲ್ಲಿ ಊದುಬತ್ತಿಯ ಜೊತೆ ಇಟ್ಟ ಬಟ್ಟೆ ಬೇಡವೇ ಬೇಡ.

ನೇರಳೆಮರ:

ಸಮಾರಂಭದ ಶಿಷ್ಟಾಚಾರದ ಬಗ್ಗೆಯೂ ಕೇಳಬೇಕು. ಸಂಜೆಯ ಭಾಷಣಕಾರರಿಗೆ ಶಾಲು, ನೆನಪಿನ ಕಾಣಿಕೆ ಏನಾದರೂ ಕೊಡಿಸಬಹುದೇ? ಖರ್ಚಿಗೆ ಲಕ್ಕಿ ಡಿಪ್ ಇಡಬಹುದೇ?

ಶರಾವತಿ_ಸೆರಗು:

ಎರಡೂ ಬೇಡ. ಕೇಳಿದ್ದು ಒಳ್ಳೆಯದಾಯಿತು, ಏಕೆಂದರೆ ಒಳ್ಳೆಯ ಮನಸ್ಸಿನಿಂದ ಮಾಡಿ ಮುಜುಗರವಾಗುವುದು ಇಂಥ ಕಡೆಯೇ.

ಎಲ್ಲರೂ ಸಮಾನರು ಎನ್ನುವುದು ಕ್ವೇಕರರಿಗೆ ಬರೀ ಮಾತಲ್ಲ, ಹದಿನೇಳನೇ ಶತಮಾನದಲ್ಲಿ ದೊಡ್ಡವರ ಮುಂದೆ ಟೋಪಿ ತೆಗೆಯದೆ ಜೈಲಿಗೆ ಹೋದವರ ಪರಂಪರೆ ಅದು. ಆದ್ದರಿಂದ ಮುಖ್ಯ ಅತಿಥಿ, ವೇದಿಕೆಯ ಗಣ್ಯರು, ಅವರಿಗೆಂದು ಕಾಯ್ದಿರಿಸಿದ ಮುಂದಿನ ಸಾಲು ಯಾವುದೂ ಇಲ್ಲ. ಬ್ಯಾಡ್ಜಿನಲ್ಲಿ ಡಾಕ್ಟರ್, ಪ್ರೊಫೆಸರ್ ಬರೆಯುವುದಿಲ್ಲ. ಹೆಸರು ದೊಡ್ಡ ಅಕ್ಷರದಲ್ಲಿ, ಕೆಳಗೆ ಊರಿನ ಮೀಟಿಂಗ್. ಮೂರು ಮಾರು ದೂರದಿಂದ ಓದುವಂತಿರಬೇಕು, ಅಂದರೆ ಹೆಸರಿನ ಅಕ್ಷರ ಕನಿಷ್ಠ ಒಂದೂವರೆ ಸೆಂ.ಮೀ. ಎತ್ತರ. ದಾರದ ಬ್ಯಾಡ್ಜ್ ತಿರುಗಿಕೊಳ್ಳುತ್ತದೆ, ಎರಡೂ ಮಗ್ಗುಲಲ್ಲಿ ಮುದ್ರಿಸಿ. ಭಾಷಣ ಮೆಚ್ಚಿಗೆಯಾದರೂ ಚಪ್ಪಾಳೆಗೆ ಮೊದಲು ಮೌನ ಬರುತ್ತದೆ. ನಿರೂಪಕರು ಆ ಮೌನವನ್ನು ತುಂಬಲು ಹೋಗಬಾರದು.

ಲಾಟರಿ, ಲಕ್ಕಿ ಡಿಪ್, ರಾಫಲ್ ಎಲ್ಲ ಜೂಜಿನ ಲೆಕ್ಕಕ್ಕೆ ಬರುತ್ತವೆ, ಕ್ವೇಕರರು ಅದನ್ನು ಹಿಂದಿನಿಂದಲೂ ದೂರ ಇಟ್ಟಿದ್ದಾರೆ. ಹಣ ಬೇಕಾದರೆ ಇಷ್ಟು ಬೇಕು, ಇದಕ್ಕೆ ಬೇಕು ಎಂದು ನೇರವಾಗಿ ಕೇಳುವುದು. ಈಚೆಗೆ ಕೆಲವು ಕ್ವೇಕರ್ ಸಮಾವೇಶಗಳಲ್ಲಿ ಕಾರ್ಯಕ್ರಮದ ಶುಲ್ಕವನ್ನೇ ಬಂದವರ ಅಂತಃಕರಣಕ್ಕೆ ಬಿಡುತ್ತಾರೆ: ಒಬ್ಬರಿಗೆ ತಗಲುವ ನಿಜವಾದ ಖರ್ಚು ಇಷ್ಟು ಎಂದು ತೋರಿಸಿ, ಹೆಚ್ಚು ಕೊಡಬಲ್ಲವರು ಹೆಚ್ಚು, ಆಗದವರು ಕಡಿಮೆ. ಆ ಲೆಕ್ಕದ ಹಾಳೆ ಸ್ಪಷ್ಟವಾಗಿ ಇರಬೇಕು. ಮಸುಕಾಗಿ ಬರೆದರೆ ಎಲ್ಲರೂ ನಡುವಿನ ಮೊತ್ತವನ್ನೇ ಆರಿಸಿ ಬಜೆಟ್ ಕೊರತೆ ಬೀಳುತ್ತದೆ.

ಈ ಸಮಾವೇಶಕ್ಕೂ ನಮ್ಮ ಕಡೆಗೂ ಒಂದು ಹಳೆಯ ಎಳೆ ಇದೆ. ಎಫ್‌ಜಿಸಿ ಸಮಾವೇಶ ನ್ಯೂಜೆರ್ಸಿಯ ಕೇಪ್ ಮೇ ಎನ್ನುವ ಕಡಲೂರಿನಲ್ಲಿ ನಡೆಯುತ್ತಿದ್ದ ಕಾಲದಲ್ಲಿ, 1958ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅಲ್ಲಿ ಅಹಿಂಸೆಯ ಬಗ್ಗೆ ಮಾತಾಡಿದ್ದರು. ಮರುವರ್ಷವೇ ಕ್ವೇಕರರ ಸೇವಾ ಸಂಸ್ಥೆಯಾದ ಅಮೆರಿಕನ್ ಫ್ರೆಂಡ್ಸ್ ಸರ್ವಿಸ್ ಕಮಿಟಿಯ ನೆರವಿನಿಂದ ಭಾರತಕ್ಕೆ ಬಂದರು, ಆ ಪ್ರವಾಸದಲ್ಲಿ ಬೆಂಗಳೂರೂ ಇತ್ತು.

ಮೂರನೇಸಾಲು:

ವೀಸಾದಲ್ಲಿ ಇರುವ ಕನ್ನಡಿಗರು ಇದನ್ನು ಗಮನಿಸಿ. ಶುಲ್ಕ ಕಟ್ಟಿ ಬಂದು ಬಿಟ್ಟಿ ಕೈಜೋಡಿಸುವುದು ಬೇರೆ. "ವರ್ಕ್ ಗ್ರಾಂಟ್" ಎಂಬ ವ್ಯವಸ್ಥೆ ಬೇರೆ, ಅದರಲ್ಲಿ ಇಷ್ಟು ಗಂಟೆ ಕೆಲಸಕ್ಕೆ ಇಷ್ಟು ಶುಲ್ಕ ಕಡಿತ. ಎಫ್-1 (ವಿದ್ಯಾರ್ಥಿ), ಎಚ್-4 (ಕೆಲಸದ ವೀಸಾದವರ ಅವಲಂಬಿತರು) ವೀಸಾದಲ್ಲಿ ಇರುವವರಿಗೆ ಆ ಕಡಿತ ಪ್ರತಿಫಲ ಎಂದು ಎಣಿಕೆಯಾಗಬಹುದು. ಅರ್ಜಿ ಹಾಕುವ ಮೊದಲೇ ಕಾಲೇಜಿನ ವಿದೇಶಿ ವಿದ್ಯಾರ್ಥಿ ಕಚೇರಿ ಅಥವಾ ವಕೀಲರನ್ನು ಕೇಳಿ. ಹಣದ ಅಡಚಣೆ ಇದ್ದರೆ ಕೆಲಸಕ್ಕೆ ತಳಕು ಹಾಕದ ನೆರವನ್ನು ನಿಮ್ಮ ಮೀಟಿಂಗ್‌ನಲ್ಲೇ ಕೇಳಬಹುದು.

ಗಾಲ್ಫ್ ಕಾರ್ಟ್ ಓಡಿಸುವ ಪಾಳಿಗೂ ಜನ ಬೇಕಾಗುತ್ತದೆ. ಚಾಲನಾ ಪರವಾನಗಿ ಬೇಕು, ಕಾಲೇಜಿನ ವಿಮೆಯ ಫಾರಂ ತುಂಬಬೇಕು. ಲೆಡ್ ಆಸಿಡ್ ಬ್ಯಾಟರಿಗೆ ರಾತ್ರಿ ಎಂಟು ಗಂಟೆ ಚಾರ್ಜ್ ಬೇಕು. ಸಂಜೆ ಸಭೆಯಿಂದ ಕೊನೆಯ ಸವಾರಿ ಮುಗಿಸಿದವರೇ ಪ್ಲಗ್ ಹಾಕಬೇಕು, "ಬೆಳಗಿನವರು ಹಾಕುತ್ತಾರೆ" ಎಂದು ಬಿಟ್ಟರೆ ಮರುದಿನ ಮಧ್ಯಾಹ್ನ ಗುಡ್ಡದ ನಡುವೆ ಗಾಡಿ ನಿಲ್ಲುತ್ತದೆ. ಫೋನ್ ಮಾಡಿದಾಗ ಹೋಗುವ ಪದ್ಧತಿಗಿಂತ ಹತ್ತು ನಿಮಿಷಕ್ಕೊಮ್ಮೆ ಗೊತ್ತಾದ ದಾರಿಯಲ್ಲಿ ಸುತ್ತುವುದು ಮೇಲು, ಯಾರೂ ಕರೆಯಲು ಸಂಕೋಚಪಡಬೇಕಾಗಿಲ್ಲ.

ಶರಾವತಿ_ಸೆರಗು ಅವರ ವಾದದ ಬಗ್ಗೆ ಯೋಚಿಸಿದೆ. ಸಮಿತಿಯಲ್ಲಿ ಹೊಸಬರು ಬೇಕು ಎನ್ನುವುದು ಸರಿ. ಹಾಗಾದರೆ ಅವರ ಜೊತೆಗೆ ಹಳಬರೊಬ್ಬರು ಒಂದೇ ಉಪಸಮಿತಿಯಲ್ಲಿ ಇರಲಿ, ಆಗ ನನ್ನ ತಕರಾರಿಲ್ಲ.

ನೇರಳೆಮರ:

ನಿಮ್ಮೆಲ್ಲರಿಗೂ ಧನ್ಯವಾದ. ವಾರದಲ್ಲಿ ಬಾಗಿಲು ಕಾಯುವ ಪಾಳಿ ಮತ್ತು ಈ ಮೇ ತಿಂಗಳ ಕೋಣೆ ಹಂಚಿಕೆ ಉಪಸಮಿತಿ, ಎರಡನ್ನೂ ಕೇಳುತ್ತೇನೆ. ಬಾಗಿಲಿನ ಪಾಳಿಗೆ ಏನೇನು ತರಬೇಕು?

ಹಿತ್ತಲಬಾಗಿಲು:

ಮೆತ್ತನೆ ಅಡಿಯ ಚಪ್ಪಲಿ ಅಥವಾ ಬೂಟು. ಬಳೆ, ಗೆಜ್ಜೆ, ಕೀಗೊಂಚಲು ಕೋಣೆಯಲ್ಲೇ ಬಿಟ್ಟು ಬನ್ನಿ. ಬೀಪ್ ಇಲ್ಲದ ಕೈಗಡಿಯಾರ, ಏಕೆಂದರೆ ಸಮಯ ನೋಡಲು ಫೋನ್ ತೆಗೆದರೆ ಅದರ ಬೆಳಕು ಅರ್ಧ ಸಭಾಂಗಣಕ್ಕೆ ಕಾಣುತ್ತದೆ. ಹಳೆಯ ಟವೆಲ್ಲಿನ ಎರಡು ತುಂಡು: ಬೆಂಕಿ ಬಾಗಿಲಲ್ಲದ ಕಡೆ ಎರಡೂ ಹಿಡಿಕೆಗೆ ಸುತ್ತಿ ಚಿಲಕದ ನಾಲಿಗೆಯ ಮೇಲೆ ಹಾಯಿಸಿದರೆ ಬಾಗಿಲು ಬಡಿಯುವುದಿಲ್ಲ. ಸಭೆ ಮುಗಿದ ಕೂಡಲೇ ಬಿಚ್ಚಿ. "ಒಳಗೆ ಮೌನ ನಡೆಯುತ್ತಿದೆ, 10:15ಕ್ಕೆ ಎಲ್ಲರೂ ಒಟ್ಟಿಗೆ ಹೋಗೋಣ" ಎಂದು ದೊಡ್ಡದಾಗಿ ಬರೆದ ರಟ್ಟು. ಹೊರಗೆ ಕಾಯುವವರಿಗೆ ನಾಲ್ಕು ಕುರ್ಚಿ. ಮೊದಲ ದಿನ ಅರ್ಧ ಗಂಟೆ ಮುಂಚೆ ಹೋಗಿ ಪ್ರತಿ ಬಾಗಿಲನ್ನೂ ಒಮ್ಮೆ ತೆರೆದು ಮುಚ್ಚಿ ನೋಡಿ, ಕೀಲು ಕಿರುಗುಟ್ಟಿದರೆ ನಿರ್ವಹಣಾ ವಿಭಾಗಕ್ಕೆ ಆಗಲೇ ಹೇಳಿ. ಮುಕ್ತಾಯಕ್ಕೆ ಸದ್ದು ಮಾಡಿ ಸೂಚನೆ ಕೊಡಬೇಕಿಲ್ಲ. ಸಭೆ ನಡೆಸುವವರು ಪಕ್ಕದವರ ಕೈ ಕುಲುಕುತ್ತಾರೆ, ಅದು ಸಾಲಿಂದ ಸಾಲಿಗೆ ಹಬ್ಬುತ್ತದೆ. ಅದು ನಿಮ್ಮ ಹತ್ತಿರದ ಕೊನೆಯ ಸಾಲಿಗೆ ಬಂದ ಮೇಲೆ ಬಾಗಿಲು ತೆರೆಯಿರಿ.